ಪ್ರೀಮಿಯರ್ ಪದ್ಮಿನಿ ಕಾರಿನ ಬಾಗಿಲೊಳಗಿನ ನೀರು, ಸದ್ದು: ನನ್ನ ಅನುಭವ

ಬಾಗಿಲೊಳಗೆ ನೀರೇ ಇಳಿಯಬಾರದು ಎಂದು ಹಟ ಹಿಡಿದವರ ಪದ್ಮಿನಿಗಳೇ ಹೆಚ್ಚಾಗಿ ತಳದಿಂದ ತುಕ್ಕು ಹಿಡಿಯುವುದು. ಕಿಟಕಿಯಂಚಿನ ರಬ್ಬರ್ ಪಟ್ಟಿ (ಬೀಡಿಂಗ್) ಹೊಸದಾಗಿದ್ದರೂ ಗ್ಲಾಸಿಗಂಟಿಕೊಂಡು ನೀರು ಇಳಿದೇ ಇಳಿಯುತ್ತದೆ. ಇಳಿಯಲಿ. ಅದು ತಳದ ತೂತುಗಳಿಂದ ಹೊರಗೆ ಹೋಗಬೇಕು, ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಕಡೆ ತಿರುಗಬಾರದು, ಅಷ್ಟೇ. ಪ್ಯಾಡಿನ ಹಿಂದೆ ಪಾಲಿಥೀನ್ ಕಟ್ಟಿದರೆ ಒಳಗೇ ಬೆವತು ಇನ್ನೂ ಬೇಗ ಕೊಳೆಯುತ್ತದೆ ಎಂದು ಟಿಂಕರ್‌ಗಳು ನಕ್ಕಿದ್ದರು. ಕರಾವಳಿಯ ಮಳೆಗಾಲ ಮುಗಿದ ಮೇಲೆ ಅವರ ಮುಂದೆಯೇ ಪಾಲಿಥೀನ್ ಕಟ್ಟಿದ್ದ ಬಾಗಿಲಿನ ಪ್ಯಾಡ್ ಬಿಚ್ಚಿದೆ. ಅದರ ಹಾರ್ಡ್‌ಬೋರ್ಡ್ ಹಪ್ಪಳದಂತೆ ಒಣಗಿತ್ತು.

ಸದ್ದು ತಗ್ಗಿಸುವ ಅಗ್ಗದ ದಾರಿಗಳನ್ನೂ ನೋಡಿಯಾಗಿದೆ. ಟೆರೇಸಿಗೆ ಹಾಕುವ ಡಾಂಬರು ಶೀಟ್ ಬ್ಯುಟೈಲಿಗಿಂತ (ತಗಡಿನ ಸದ್ದು ತಗ್ಗಿಸಲು ಅಂಟಿಸುವ, ಫಾಯಿಲ್ ಹೊದಿಕೆಯ ರಬ್ಬರ್ ಶೀಟ್) ಅಗ್ಗಕ್ಕೆ ಸಿಗುತ್ತದೆ. ಏಪ್ರಿಲ್ ಬಿಸಿಲಿಗೆ ಜಾರಿ ತೂತಿನ ಮೇಲೇ ಕೂರುತ್ತದೆ, ವಾಸನೆ ಬೇರೆ. ಸೋಫಾ ಫೋಮ್ ನೀರು ಹೀರಿ ಸ್ಕಿನ್ನಿಗೆ (ಬಾಗಿಲಿನ ಹೊರತಗಡಿಗೆ) ಒತ್ತಿಕೊಂಡಿರುತ್ತದೆ, ಹಿಂದಿನಿಂದ ತುಕ್ಕಿನ ಗುಳ್ಳೆ ಏಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಡಬ್ಬಿಯಿಂದ ಉಬ್ಬುವ ಪಿಯು (ಪಾಲಿಯುರೆಥೇನ್) ಫೋಮ್. ತಳದಲ್ಲಿ ಗಟ್ಟಿಯಾದರೆ ಅದನ್ನು ತೆಗೆಯಲು ಸ್ಕಿನ್ನನ್ನೇ ಕೊಯ್ಯಬೇಕಾಗುತ್ತದೆ.

ತುಕ್ಕು ಉಜ್ಜಿ, ತುಕ್ಕನ್ನು ಗಟ್ಟಿ ಪದರವಾಗಿಸುವ ಕನ್ವರ್ಟರ್ ದ್ರವ ಹಚ್ಚಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್ ಕೊಡುವುದು ನಿಮಗೆ ಗೊತ್ತಿದ್ದದ್ದೇ. ಆಮೇಲೆ 2 ಮಿ.ಮೀ. ಬ್ಯುಟೈಲ್. ಸ್ಕಿನ್ನಿಗೆ ಬೆರಳ ಗೆಣ್ಣಿನಿಂದ ಬಡಿಯಿರಿ, ಡಬ್ಬದಂತೆ ಎಲ್ಲಿ ಮೊಳಗುತ್ತದೋ ಅಲ್ಲಿ ಮಾತ್ರ ಅಂಟಿಸಿ. ಮೂವತ್ತು ಪರ್ಸೆಂಟ್ ಮುಚ್ಚಿದರೆ ಧಾರಾಳ. ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ ಮೂರು ಕೆ.ಜಿ. ಭಾರ ಬೀಳುತ್ತದೆ, ಸವೆದ ಹಿಂಜ್ ಪಿನ್ನಿನ ಬಾಗಿಲು ಜೋಲುತ್ತದೆ. ಥಿನ್ನರಿನಿಂದ ಒರೆಸಿ, ಹೀಟ್ ಗನ್ ಹಿಡಿದು, ಫಾಯಿಲಿನ ಉಬ್ಬುಚಿತ್ತಾರ ಮಾಯವಾಗುವವರೆಗೆ ರೋಲರ್ ಓಡಿಸಬೇಕು. ತಳದಿಂದ ನಾಲ್ಕು ಬೆರಳು ಬಿಡಿ. ಮೇಲಂಚನ್ನು ಇಳಿಜಾರಾಗಿ ಕತ್ತರಿಸಿದರೆ ಅಲ್ಲಿ ನೀರು ನಿಲ್ಲುವುದಿಲ್ಲ. ಅಂಟಿಸುವ ಮೊದಲು ಗ್ಲಾಸನ್ನು ಪೂರ್ತಿ ಇಳಿಸಿ, ಎಲ್ಲಿಗೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ತುಕ್ಕು ತಡೆಯುವ ಮೇಣದ ಸರದಿ ಬ್ಯುಟೈಲ್ ಆದ ಮೇಲೆಯೇ; ಮೇಣದ ಮೇಲೆ ಬ್ಯುಟೈಲ್ ಹಿಡಿಯುವುದಿಲ್ಲ. ಕ್ಯಾವಿಟಿ ವ್ಯಾಕ್ಸ್ (ಆ ಮೇಣದ ಸ್ಪ್ರೇ) ಡಬ್ಬವನ್ನು ಉಗುರುಬೆಚ್ಚನೆಯ ನೀರಲ್ಲಿಟ್ಟು, ಉದ್ದನೆಯ ನಾಝಲ್‌ನಿಂದ ಬಾಗಿಲ ತಳದ ತಗಡಿನ ಮಡಿಕೆಗೆ ಹೊಡೆಯಿರಿ. ಮಾರನೆಯ ದಿನ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ಮಡಿಕೆಯೊಳಕ್ಕೆ ಮೇಣ ತಾನಾಗಿ ಹರಿಯಲು ನಾನೊಂದು ಬೆರಕೆ ಮಾಡುತ್ತೇನೆ, ಅದು ನನ್ನ ಬಳಿಯೇ ಇರಲಿ.

ಇನ್ನು ಎಲ್ಲರೂ ಎಡವುವ ಜಾಗ. 800 ಗೇಜ್ ದಪ್ಪದ ಪಾಲಿಥೀನನ್ನು ಗಮ್‌ನಿಂದ ಅಂಟಿಸಬೇಡಿ. ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಬಿಡದಿದ್ದರೆ ಲಾಕ್ ರಿಪೇರಿಗೆ ಬಿಚ್ಚುವಾಗ ಹರಿಯುತ್ತದೆ. ಹಗ್ಗದ ರೂಪದ ಅಂಟು ಬ್ಯುಟೈಲೇ ಸರಿ. ಮೇಲೆ ಮತ್ತು ಎರಡು ಬದಿಗೆ ಅಂಟಿಸಿ, ಕೆಳಗಿನ ಅಂಚನ್ನು ಮಾತ್ರ ಒಳಫ್ರೇಮಿನ ತೆರಪಿನೊಳಕ್ಕೆ ಸಿಕ್ಕಿಸಬೇಕು. ಶೀಟಿನ ಮೇಲೆ ಬಿದ್ದ ಹನಿ ಆಗ ಮತ್ತೆ ಬಾಗಿಲೊಳಗೇ ಬೀಳುತ್ತದೆ. ಅಂಚನ್ನು ಹೊರಗೆ ಬಿಟ್ಟರೆ ಇಷ್ಟೆಲ್ಲ ಮಾಡಿಯೂ ಪ್ಯಾಡ್ ನೆನೆಯುತ್ತದೆ. ಗ್ಲಾಸ್ ಇಳಿಸುವ ಹ್ಯಾಂಡಲಿನ ದಂಡ ಹೊರಬರಲು ಪಾಲಿಥೀನಿಗೆ ಪ್ಲಸ್ ಆಕಾರದ ಸಣ್ಣ ಕೊಯ್ತ ಸಾಕು.

6 ಮಿ.ಮೀ. ನೈಟ್ರೈಲ್ ಫೋಮ್ ಪಾಲಿಥೀನಿನ ಈಚೆಗೆ, ಒಣ ಕಡೆಗೆ. ಹಾರ್ಡ್‌ಬೋರ್ಡಿನ ಅಂಚಿಗೂ ಕ್ಲಿಪ್ ತೂತುಗಳಿಗೂ ವಾರ್ನಿಷ್ ಮರೆಯಬೇಡಿ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್) ಶೀಟಿನ ಪ್ಯಾಡನ್ನೂ ಮಾಡಿ ನೋಡಿದೆ: ನೆನೆಯುವುದಿಲ್ಲ ನಿಜ, ಆದರೆ ಕ್ಲಿಪ್ ಹಿಡಿಯದೆ ಗಡಗಡ ಎನ್ನುತ್ತದೆ. ಕೈಬಿಟ್ಟೆ.

ನಾಲ್ಕೂ ಬಾಗಿಲಿಗೆ ನನಗೆ ಬಿದ್ದದ್ದು ಐದೂವರೆ ಸಾವಿರದ ಆಸುಪಾಸು, ಅದರಲ್ಲಿ ಅರ್ಧ ಬ್ಯುಟೈಲಿಗೇ ಹೋಯಿತು. ಅಂಗಡಿಯೊಂದು ‘ಫುಲ್ ಡ್ಯಾಂಪಿಂಗ್’ ಎಂದು ಹದಿನೆಂಟು ಸಾವಿರ ಕೇಳಿತ್ತು, ಪಾಲಿಥೀನ್ ಇಲ್ಲದೆ!

ಪ್ಯಾಡ್ ಮುಚ್ಚುವ ಮುನ್ನ ಪಾಲಿಥೀನಿನ ಈಚೆಗೆ ಪೇಪರ್ ಸಿಕ್ಕಿಸಿ, ಗ್ಲಾಸಿನ ಮೇಲೆ ಹತ್ತು ನಿಮಿಷ ಪೈಪ್ ಬಿಡಿ. ಪೇಪರ್ ನೆನೆದಿದ್ದರೆ ಮೊದಲು ಕೆಳಗಿನ ಅಂಚು ನೋಡಿ, ಆಮೇಲೆ ಆರ್ಮ್‌ರೆಸ್ಟ್ ಸ್ಕ್ರೂ. ಅದು ಪಾಲಿಥೀನ್ ಚುಚ್ಚುವ ಕಡೆ ಬ್ಯುಟೈಲ್ ತುಂಡು ಒತ್ತಿ, ಸ್ಕ್ರೂವನ್ನು ಅದರ ಮೂಲಕವೇ ತಿರುಗಿಸಿದರಾಯಿತು.