ಹಳೆ ಗೇಮ್ ಕನ್ಸೋಲ್‌ಗೆ ಮತ್ತೆ ಜೀವ ಬಂದದ್ದು ಹೀಗೆ

ಚಿಕ್ಕವರಿದ್ದಾಗ ಆಡಿದ ವಿಡಿಯೋ ಗೇಮ್ ಮತ್ತೆ ಆಡಬೇಕು ಅನ್ನಿಸಿದರೆ ಎಲ್ಲರೂ ಮೊದಲು ಮಾಡುವುದು ಒಂದೇ. ಫೋನಿಗೋ ಲ್ಯಾಪ್‌ಟಾಪಿಗೋ ಒಂದು ಎಮ್ಯುಲೇಟರ್, ಅಂದರೆ ಹಳೆ ಗೇಮ್ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್, ಹಾಕಿಕೊಳ್ಳುವುದು. ನಾನೂ ಹಾಗೇ ಶುರು ಮಾಡಿದೆ. ಆಟ ಬಂತು, ಸಂಗೀತ ಬಂತು, ಬಣ್ಣವೂ ಸರಿಯಾಗೇ ಇತ್ತು. ಆದರೂ ಕೈಗೆ ಒಗ್ಗಲಿಲ್ಲ. ಬಟನ್ ಒತ್ತಿದರೆ ಮಾರಿಯೋ ಹಾರುತ್ತಿದ್ದ, ನಿಜ. ಆದರೆ ಕೂದಲೆಳೆಯಷ್ಟು ತಡ. ಹಳ್ಳದ ಅಂಚಿಗೆ ಬಂದಾಗ ಅಷ್ಟು ತಡವೇ ಸಾಕು, ಒಂದು ಲೈಫ್ ಹೋಯಿತು.

ಹಳೆ ಆಟದ ಸವಿನೆನಪು ಅಂತ ನಾವು ಏನು ಹೇಳ್ತೀವೋ, ಅದರಲ್ಲಿ ಕಣ್ಣಿಗಿಂತ ಬೆರಳಿನ ಪಾಲೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ಹಳೆ ಕನ್ಸೋಲನ್ನೇ, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಯಂತ್ರವನ್ನೇ, ಸರಿ ಮಾಡೋಣ ಅಂತ ಹೊರಟೆ. ಯಾವುದಕ್ಕೆ ಮೈ ಬಗ್ಗಿಸಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅನ್ನುವುದನ್ನೂ ಇದೇ ಲೆಕ್ಕದಲ್ಲಿ ತೀರ್ಮಾನಿಸಿದೆ. ಕೈಗೂ ಪರದೆಗೂ ನಡುವೆ ಬರುವ ಅಡ್ಡಿ ತೆಗೆಯುವುದು ಮೊದಲು. ಅಂದಚಂದ ಆಮೇಲೆ.

ನನ್ನ ಹತ್ತಿರ ಇರುವುದು ನಿಂಟೆಂಡೊ ಕಂಪನಿಯ ಎನ್‌ಇಎಸ್ (ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್). 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಅಂತ ಬಂದ ಯಂತ್ರವನ್ನೇ ಹೊರರೂಪ ಬದಲಿಸಿ 1985ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಇಳಿಸಿದರು. ಮುಂದಿನ ಮುಚ್ಚಳ ಎತ್ತಿ, ಆಟ ತುಂಬಿದ ಕ್ಯಾಸೆಟ್ ಒಳಗೆ ತಳ್ಳಿ, ಕೆಳಕ್ಕೆ ಅದುಮುವ ಬೂದು ಬಣ್ಣದ ಡಬ್ಬ. ಒಳಗಿನ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್. ಕೆಲಸಕ್ಕೆ ಇರುವ ಮೆಮೊರಿ ಬರೀ 2 ಕೆಬಿ. ಇಡೀ ಸೂಪರ್ ಮಾರಿಯೋ ಬ್ರದರ್ಸ್ ಆಟ 40 ಕೆಬಿಯಲ್ಲಿ ಮುಗಿದುಹೋಗುತ್ತದೆ. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದರ ಎಷ್ಟೋ ಪಟ್ಟು ಇರುತ್ತದೆ. ಜಾಗ ಉಳಿಸಲು ಆ ಆಟದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ. ಬಣ್ಣ ಮಾತ್ರ ಬೇರೆ. ಒಮ್ಮೆ ಗೊತ್ತಾದ ಮೇಲೆ ಅದು ಕಣ್ಣಿಗೆ ಹೊಡೆಯದೆ ಇರುವುದಿಲ್ಲ.

ಎಷ್ಟೋ ವರ್ಷ ಮೂಲೆಯಲ್ಲಿದ್ದ ಯಂತ್ರ ಕೈಗೆ ಸಿಕ್ಕರೆ ತಕ್ಷಣ ಪ್ಲಗ್ಗಿಗೆ ಚುಚ್ಚಬೇಡಿ. ಮೊದಲು ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿ. ಎನ್‌ಇಎಸ್‌ನ ಮೂಲ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ. ಹೌದು, ಎಸಿಯೇ. ಅದನ್ನು ಡಿಸಿ ಮಾಡಿಕೊಳ್ಳುವ ಕೆಲಸ ಯಂತ್ರದ ಒಳಗೆ ನಡೆಯುತ್ತದೆ. ಫ್ಯಾಮಿಕಾಮ್‌ಗೆ ಬೇಕಾದದ್ದು ಡಿಸಿ, ಅದೂ ನಡುವಿನ ಪಿನ್ ನೆಗೆಟಿವ್ ಇರುವಂಥದ್ದು. ಪ್ಲಗ್ ಒಳಗೆ ಹೋಗುತ್ತದೆ ಅಂತ ಇದರ ಅಡಾಪ್ಟರ್ ಅದಕ್ಕೆ ಹಾಕಿದರೆ ಫ್ಯಾಮಿಕಾಮ್ ಸುಟ್ಟೇಹೋಗಬಹುದು.

ಸರಿ, ಕರೆಂಟ್ ಕೊಟ್ಟೆ. ಕೆಂಪು ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಪರದೆಯೂ ಅದೇ ತಾಳಕ್ಕೆ ಮಿನುಗುತ್ತಿತ್ತು. ಎನ್‌ಇಎಸ್ ಇಟ್ಟುಕೊಂಡವರಿಗೆಲ್ಲ ಪರಿಚಯದ ಕಾಯಿಲೆ ಇದು. ನಕಲಿ ಕ್ಯಾಸೆಟ್ ತಡೆಯಲು ಯಂತ್ರದೊಳಗೆ ಒಂದು ಚಿಪ್, ಕ್ಯಾಸೆಟ್ಟಿನೊಳಗೆ ಇನ್ನೊಂದು ಚಿಪ್ ಇರುತ್ತದೆ. ಎರಡೂ ಮಾತಾಡಿಕೊಂಡು ಪರಸ್ಪರ ಗುರುತು ಹಿಡಿಯಬೇಕು. ಗುರುತು ಸಿಗಲಿಲ್ಲ ಅಂದರೆ ಯಂತ್ರದ ಚಿಪ್ ಸೆಕೆಂಡಿಗೊಮ್ಮೆ ಎಲ್ಲವನ್ನೂ ರೀಸೆಟ್ ಮಾಡುತ್ತಲೇ ಇರುತ್ತದೆ. ಅಂದರೆ ದೀಪ ಮಿನುಗಿದರೆ ಯಂತ್ರ ಸತ್ತಿಲ್ಲ. ಸಾಮಾನ್ಯವಾಗಿ ಪಿನ್ನುಗಳು ಸರಿಯಾಗಿ ತಾಗುತ್ತಿಲ್ಲ, ಅಷ್ಟೇ.

ಆಗೆಲ್ಲ ನಾವು ಏನು ಮಾಡ್ತಿದ್ವಿ? ಕ್ಯಾಸೆಟ್ ತೆಗೆದು ಬಾಯಿಂದ ಉಫ್ ಅಂತ ಊದಿ ಮತ್ತೆ ಹಾಕುವುದು. ಕೆಲಸವೂ ಆಗುತ್ತಿತ್ತು, ಅದಕ್ಕೇ ನಂಬಿಕೆ. ಅಸಲಿಗೆ ಗುಣ ಇದ್ದದ್ದು ತೆಗೆದು ಮತ್ತೆ ಹಾಕುವುದರಲ್ಲಿ. ಉಸಿರಿನಲ್ಲಿ ಇರುವ ತೇವ ಲೋಹದ ಮೇಲೆ ಕೂತು ಕಾಲಕ್ರಮೇಣ ಕಲೆ, ಕಿಲುಬು ಹಿಡಿಸುತ್ತದೆ. ಬಾಲ್ಯದ ಆ ಊದುವಿಕೆಯ ಫಲವನ್ನೇ ನಾನು ಈಗ ಹತ್ತಿಯಲ್ಲಿ ಉಜ್ಜಿ ತೆಗೆಯಬೇಕಾಯಿತು.

ಉಜ್ಜುವುದಕ್ಕೆ ಬೇಕಾದದ್ದು 90 ಶೇಕಡಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಕಿವಿಗೆ ಹಾಕುವಂಥ ಹತ್ತಿ ಕಡ್ಡಿ. ಕ್ಯಾಸೆಟ್ ಬಿಚ್ಚದೆಯೇ ಕಡ್ಡಿಯನ್ನು ಒಳಗೆ ಇಳಿಸಿ ಚಿನ್ನದ ಬಣ್ಣದ ಪಟ್ಟಿಗಳ ಉದ್ದಕ್ಕೆ ಎಳೆಯಬಹುದು. ಮೊದಲ ಕಡ್ಡಿ ಕಪ್ಪಾಗಿ ಬರುತ್ತದೆ. ಎರಡನೆಯದು ಬೂದು. ಬಿಳಿಯಾಗಿ ಬರುವವರೆಗೂ ಬಿಡಬಾರದು. ಅಷ್ಟಕ್ಕೂ ಜಗ್ಗದಿದ್ದರೆ ಬಿಚ್ಚಬೇಕು. ಇದರ ಸ್ಕ್ರೂ ಮಾಮೂಲಿ ಸ್ಕ್ರೂಡ್ರೈವರಿಗೆ ಸಿಗುವುದಿಲ್ಲ, 3.8 ಮಿಲಿಮೀಟರಿನ ಗೇಮ್‌ಬಿಟ್ ಅನ್ನುವ ವಿಶೇಷ ಸ್ಕ್ರೂಡ್ರೈವರ್ ಬೇಕು. ಬಿಚ್ಚಿದ ಮೇಲೆ ಹಟಮಾರಿ ಕಲೆಗೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರನ್ನು ಮೆಲ್ಲಗೆ ಆಡಿಸಬಹುದು. ಮರಳುಕಾಗದ, ಲೋಹ ಪಾಲಿಶ್ ಇವೆಲ್ಲ ಬೇಡ. ಮೇಲಿನ ಚಿನ್ನದ ಲೇಪ ತೀರಾ ತೆಳು, ಒಮ್ಮೆ ಹೋದರೆ ಹೋಯಿತು.

ಯಂತ್ರದ ಒಳಗಿರುವ 72 ಪಿನ್ನಿನ ಕನೆಕ್ಟರ್ ಇನ್ನೊಂದು ಅಧ್ಯಾಯ. ಸಡಿಲವಾಗಿದೆ ಅಂತ ಬಹಳ ಜನ ಹೊಸದನ್ನು ತರಿಸಿ ಹಾಕುತ್ತಾರೆ. ಹೊಸದು ಕ್ಯಾಸೆಟ್ಟನ್ನು ಕಚ್ಚಿ ಹಿಡಿದುಕೊಳ್ಳುತ್ತದೆ, ಹೊರಗೆ ಎಳೆಯುವಾಗ ಕೈ ನೋಯುತ್ತದೆ. ಹಳೆಯದನ್ನೇ ಬಿಚ್ಚಿ ನೀರಿನಲ್ಲಿ ಸ್ವಲ್ಪ ಹೊತ್ತು ಕುದಿಸಿ, ಪೂರ್ತಿ ಒಣಗಿಸಿ ಹಾಕುವ ಉಪಾಯ ಈ ಹುಚ್ಚು ಇರುವವರ ನಡುವೆ ಹಳೆಯದು. ಕೇಳಿದಾಗ ನಗು ಬರುತ್ತದೆ. ನನ್ನ ಯಂತ್ರಕ್ಕೆ ಅದೇ ಸಾಕಾಯಿತು, ದೀಪ ನಿಂತು ಉರಿಯಿತು. ಒಣಗಿಸುವ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ.

ಆಮೇಲೆ ಕೈಗೆತ್ತಿಕೊಂಡದ್ದು ಜೆಲ್ಡಾ ಅನ್ನುವ ಆಟ. ಅಮೆರಿಕದಲ್ಲಿ 1987ರಲ್ಲಿ ಬಂದ ಚಿನ್ನದ ಬಣ್ಣದ ಕ್ಯಾಸೆಟ್. ಎಲ್ಲಿಯವರೆಗೆ ಆಡಿದ್ದೀವಿ ಅನ್ನುವುದನ್ನು ಅದು ಒಂದು ಸಣ್ಣ ಮೆಮೊರಿ ಚಿಪ್ಪಿನಲ್ಲಿ ಇಟ್ಟುಕೊಳ್ಳುತ್ತದೆ. ಕರೆಂಟ್ ಇಲ್ಲದಾಗ ಆ ಚಿಪ್ಪಿಗೆ ಜೀವ ಕೊಡುವುದು ಒಳಗಿರುವ ಒಂದು ಬಟನ್ ಸೆಲ್, 3 ವೋಲ್ಟಿನ ಸಿಆರ್2032. ಆಟ ನಿಲ್ಲಿಸುವಾಗ ರೀಸೆಟ್ ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಆಫ್ ಮಾಡಿ ಅಂತ ಆಟವೇ ಹೇಳುತ್ತಿತ್ತು, ನೆನಪಿದೆಯಾ? ಅದು ಸುಮ್ನೆ ಶಾಸ್ತ್ರಕ್ಕಲ್ಲ. ಕರೆಂಟ್ ಹೋಗುವ ಆ ಕ್ಷಣದಲ್ಲಿ ಪ್ರೊಸೆಸರ್ ದಿಕ್ಕುತಪ್ಪಿ ಮೆಮೊರಿಯಲ್ಲಿ ಏನೇನೋ ಗೀಚಿಬಿಡಬಹುದು. ರೀಸೆಟ್ ಒತ್ತಿ ಹಿಡಿದರೆ ಅದು ಅಲುಗಾಡದೆ ನಿಂತಿರುತ್ತದೆ.

ಹಾಕಿ ನೋಡಿದರೆ ಆಡಿದವರ ಹೆಸರುಗಳು ಇನ್ನೂ ಇದ್ದವು! ಒಂದು ನನ್ನದು, ಒಂದು ಅಕ್ಕನದು. ಅಷ್ಟು ವರ್ಷ ಆ ಸೆಲ್ ಬದುಕಿತ್ತು. ಆದರೆ ಅದಕ್ಕೂ ಕೊನೆಗಾಲ ಬಂದಿದೆ ಅಂತ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹೇಳಿತು. ಸೆಲ್ ತೆಗೆದ ಮರುಕ್ಷಣ ಎಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಯುಎಸ್‌ಬಿ ಮೂಲಕ ಕ್ಯಾಸೆಟ್ ಓದುವ ಡಂಪರ್ ಒಂದನ್ನು ತರಿಸಿದೆ. ಅದರಲ್ಲಿ ಸೇವ್ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಸೆಲ್ ಬದಲಿಸಿ, ಅದೇ ಫೈಲನ್ನು ಮತ್ತೆ ಕ್ಯಾಸೆಟ್ಟಿಗೆ ಬರೆದೆ.

ಸೆಲ್ ಬದಲಿಸುವ ಕೆಲಸ ದೊಡ್ಡದಲ್ಲ, ಆದರೆ ಒಂದು ಎಚ್ಚರಿಕೆ. ಸೆಲ್ಲಿನ ಮೈಮೇಲೆ ನೇರವಾಗಿ ಸೋಲ್ಡರ್ ಮಾಡಲೇಬಾರದು. ಬಿಸಿಗೆ ಅದು ಸಿಡಿಯಬಹುದು. ಎರಡೂ ಬದಿಗೆ ಲೋಹದ ಕಾಲುಗಳನ್ನು ಮೊದಲೇ ಕೂರಿಸಿರುವ ಸಿಆರ್2032 ಸಿಗುತ್ತದೆ, ಅದನ್ನೇ ತನ್ನಿ. ಹಳೆಯದರ ಎರಡು ಕಾಲಿನ ಸೋಲ್ಡರ್ ಕರಗಿಸಿ ಎತ್ತಿ, ಬೋರ್ಡಿನ ಮೇಲಿರುವ ಪ್ಲಸ್ ಗುರುತು ನೋಡಿಕೊಂಡು ಹೊಸದನ್ನು ಕೂರಿಸಿ. ಟೇಪ್ ಸುತ್ತಿ ಅಂಟಿಸುವ ಜಾಣತನ ಬೇಡ. ಕ್ಯಾಸೆಟ್ ಒಂದು ಸಲ ಕೈಜಾರಿ ಬಿದ್ದರೆ ಟೇಪ್ ಸರಿದು ಸೇವ್ ಹೋಯಿತು ಅಂತಲೇ ಲೆಕ್ಕ.

ಕಂಟ್ರೋಲರಿನ ಬಗ್ಗೆ ಹೇಳುವುದು ಕಮ್ಮಿ ಇದೆ. ಹಿಂದಿನ ಸ್ಕ್ರೂ ಬಿಚ್ಚಿದರೆ ಒಳಗೆ ರಬ್ಬರಿನ ಹಾಳೆ, ಅದರ ಕೆಳಗೆ ಕಪ್ಪು ಕಾರ್ಬನ್ ಗುಂಡಿಗಳು. ಅವನ್ನೂ ಬೋರ್ಡನ್ನೂ ಅದೇ ಆಲ್ಕೋಹಾಲಿನಲ್ಲಿ ಒರೆಸಿದರೆ ಬಟನ್ ಎರಡೆರಡು ಸಲ ಒತ್ತುವ ಪಾಡು ತಪ್ಪುತ್ತದೆ. ಎಡಗಡೆ ಇರುವ ಪ್ಲಸ್ ಆಕಾರದ ಡಿ-ಪ್ಯಾಡ್ ಅನ್ನು ನಿಂಟೆಂಡೊದ ಗುನ್‌ಪೇ ಯೊಕೊಯಿ 1982ರ ಡಾಂಕಿ ಕಾಂಗ್ ಕೈಯಾಟಿಕೆಗೆ ಮಾಡಿದ್ದು. ಈಗಿನ ಕಂಟ್ರೋಲರುಗಳಲ್ಲೂ ಅದರ ಸಂತತಿಯೇ ಕೂತಿದೆ.

ಯಂತ್ರ ಸರಿಯಾಯಿತು, ಕ್ಯಾಸೆಟ್ ಸರಿಯಾಯಿತು. ಆದರೂ ಎಮ್ಯುಲೇಟರಿನಲ್ಲಿ ಕಂಡ ಅದೇ ತಡ ಇಲ್ಲೂ ಬಂತು! ಅಸಲಿ ಯಂತ್ರದಲ್ಲೂ ಹೀಗಾದರೆ ಹೇಗೆ ಸ್ವಾಮಿ? ಈ ಸಲ ಕಳ್ಳ ಸಿಕ್ಕಿದ್ದು ಟಿವಿಯಲ್ಲಿ. ಹಳೆ ದಪ್ಪ ಟಿವಿ ಬಂದ ಸಿಗ್ನಲನ್ನು ಬಂದ ಹಾಗೇ ಪರದೆಗೆ ಬರೆಯುತ್ತಿತ್ತು. ಈಗಿನ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಒಳಗೆ ಇಟ್ಟುಕೊಂಡು, ಹಿಗ್ಗಿಸಿ, ನಯ ಮಾಡಿ, ಆಮೇಲೆ ತೋರಿಸುತ್ತದೆ. ಎನ್‌ಇಎಸ್ ಸೆಕೆಂಡಿಗೆ ಸುಮಾರು 60 ಫ್ರೇಮ್ (ಬಿಡಿ ಚಿತ್ರ) ಕಳಿಸುತ್ತದೆ, ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ಟಿವಿ ನಾಲ್ಕು ಫ್ರೇಮ್ ತಡ ಮಾಡಿದರೆ 67 ಮಿಲಿಸೆಕೆಂಡ್ ಹೋಯಿತು. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಮಾರಿಯೋ ಹಾರಿಸುವವರಿಗೆ ಗೊತ್ತಾಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಈ ಯಂತ್ರ ಕಳಿಸುವುದು 240 ಗೆರೆಗಳ ಚಿತ್ರ. ಬಹಳಷ್ಟು ಹೊಸ ಟಿವಿಗಳು ಅದನ್ನು 480 ಗೆರೆಗಳ ಹೆಣೆದ ಚಿತ್ರ (ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಇನ್ನೊಮ್ಮೆ ಬರುವಂಥದ್ದು) ಅಂದುಕೊಂಡು ಬಿಡಿಸಲು ಹೋಗುತ್ತವೆ. ಪೆಟ್ಟು ತಿಂದ ಮೇಲೆ ಮಾರಿಯೋ ಮಿನುಗುತ್ತಾನಲ್ಲ, ಕೆಲವು ಟಿವಿಗಳಲ್ಲಿ ಅವನು ಮಿನುಗುವ ಬದಲು ಪೂರ್ತಿ ಮಾಯವಾಗಿಬಿಡುತ್ತಾನೆ.

ಹಾಗಾಗಿ ಮೊದಲು ಟಿವಿಯ ಗೇಮ್ ಮೋಡ್, ಅಂದರೆ ಚಿತ್ರ ನಯ ಮಾಡುವ ಕೆಲಸ ಕಮ್ಮಿ ಮಾಡುವ ಸೆಟ್ಟಿಂಗ್, ಹಾಕಿದೆ. ಖರ್ಚಿಲ್ಲದ ಕೆಲಸ, ಅರ್ಧ ರೋಗ ಅದರಲ್ಲೇ ಹೋಯಿತು. ಉಳಿದ ಅರ್ಧಕ್ಕೆ ರೆಟ್ರೋಟಿಂಕ್ ಥರದ ಸ್ಕೇಲರ್ ಬೇಕಾಯಿತು. ಯಂತ್ರದ ಹಳದಿ ವಿಡಿಯೋ ಪಿನ್ನಿನಿಂದ ಬಂದ ಚಿತ್ರವನ್ನು ಅದು 240 ಗೆರೆ ಅಂತಲೇ ಗುರುತಿಸಿ, ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳದೆ ಎಚ್‌ಡಿಎಂಐಗೆ ದಾಟಿಸುತ್ತದೆ. ಈ ಇಡೀ ಸಾಹಸದಲ್ಲಿ ನಾನು ಹಣ ಹಾಕಿದ್ದಕ್ಕೆ ಪೂರ್ತಿ ತೃಪ್ತಿ ಕೊಟ್ಟ ವಸ್ತು ಇದೊಂದೇ.

ಚಿತ್ರ ಚೊಕ್ಕವಾದಾಗ ಇನ್ನೊಂದು ತಮಾಷೆ ಕಂಡಿತು. ಮಾರಿಯೋನ ಚೌಕಗಳನ್ನು ಒಂದೊಂದಾಗಿ ಎಣಿಸಬಹುದು. ಅವನ ಉಡುಪು ಹಾಗಿರುವುದೂ ಈ ಚೌಕಗಳ ಕಾರಣಕ್ಕೇ. 1981ರ ಡಾಂಕಿ ಕಾಂಗ್‌ನಲ್ಲಿ ಅವನನ್ನು ಬಿಡಿಸಿದ ಶಿಗೆರು ಮಿಯಮೊಟೊ ಕೂದಲು ಬಿಡಿಸುವ ಕಷ್ಟ ತಪ್ಪಲಿ ಅಂತ ಟೋಪಿ ಹಾಕಿದರು. ಮೂಗು ಎದ್ದು ಕಾಣಲಿ ಅಂತ ಮೀಸೆ ಇಟ್ಟರು. ಕೈ ಬೀಸುವುದು ಗೊತ್ತಾಗಲಿ ಅಂತ ಅಂಗಿಗೊಂದು ಬಣ್ಣ, ಮೇಲಂಗಿಗೊಂದು ಬಣ್ಣ ಕೊಟ್ಟರು. ಇಷ್ಟು ಸಕಾರಣವಾದ ಯೂನಿಫಾರ್ಮ್ ನಮಗೆ ಯಾವ ಶಾಲೆಯಲ್ಲೂ ಸಿಗಲಿಲ್ಲ ಬಿಡಿ.

ಎಲ್ಲ ಸಿದ್ಧವಾದ ಮೇಲೆ ಅಕ್ಕನನ್ನು ಕೂರಿಸಿ ಕಾಂಟ್ರಾ ಅನ್ನುವ ಗುಂಡು ಹಾರಿಸುವ ಆಟ ಹಾಕಿದೆ. "ನನಗೆ ಏನೂ ನೆನಪಿಲ್ಲ ಕಣೋ" ಅಂದಳು. ಹಾಗನ್ನುತ್ತಲೇ ಟೈಟಲ್ ಬಂದ ತಕ್ಷಣ ನನ್ನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದಳು. ಇಬ್ಬರು ಆಡುವುದಾದರೆ ಸ್ಟಾರ್ಟಿಗೆ ಮೊದಲು ಸೆಲೆಕ್ಟ್ ಒತ್ತಬೇಕು, ಅದನ್ನೂ ಬಿಡಲಿಲ್ಲ. ಹಳೆ ಗುಟ್ಟಿನ ಕೋಡ್ ಅದು, ಮೂವತ್ತು ಲೈಫ್ ಬಂತು. ಜಲಪಾತದ ಹಂತದಲ್ಲಿ ಪರದೆ ಮೇಲಕ್ಕೆ ಸರಿಯುತ್ತದೆ, ಕೆಳಗೆ ಉಳಿದವರು ಸಾಯುತ್ತಾರೆ. ಅಲ್ಲಿಗೆ ಬಂದ ಮೇಲೆ ಮಾತೆಲ್ಲ ಹಳೆಯದೇ.

"ನಿಲ್ಲೇ ಅಕ್ಕಾ, ನಾನಿನ್ನೂ ಕೆಳಗಿದ್ದೀನಿ!"

"ನೀನು ಬೇಗ ಹತ್ತು. ಯಾವಾಗ್ಲೂ ಇದೇ ನಿಂದು."

ಯಂತ್ರದ ಮೈ ಹಳದಿ ತಿರುಗಿದೆ, ಅದನ್ನು ಮೊದಲಿನ ಬಣ್ಣಕ್ಕೆ ತರಲ್ವಾ ಅಂತ ಕೇಳುವವರಿದ್ದಾರೆ. ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗೋ ಯುವಿ ದೀಪಕ್ಕೋ ಇಟ್ಟರೆ ಬಣ್ಣ ತಿಳಿಯಾಗುತ್ತದೆ. ಆದರೆ ಎಷ್ಟೋ ಸಲ ಹಳದಿ ಮತ್ತೆ ಬರುತ್ತದೆ. ಸರಿಯಾಗಿ ಸವರದಿದ್ದರೆ ಪಟ್ಟೆ ಪಟ್ಟೆ ಆಗುತ್ತದೆ. ಆಟಕ್ಕೆ ಅದರಿಂದ ಏನೂ ಲಾಭವಿಲ್ಲ. ನಾನು ಬಿಟ್ಟೆ.

ಎಮ್ಯುಲೇಟರನ್ನು ನಾನು ತೆಗೆದುಹಾಕಿಲ್ಲ. ರೆಟ್ರೋಆರ್ಚ್‌ನಲ್ಲಿ ರನ್-ಅಹೆಡ್ ಅನ್ನುವ ಸೌಲಭ್ಯ ಇದೆ. ಆಟವನ್ನು ಒಳಗೊಳಗೇ ಒಂದೆರಡು ಫ್ರೇಮ್ ಮುಂದೆ ಓಡಿಸಿ ತಡ ಕಮ್ಮಿ ಮಾಡುತ್ತದೆ. ಡಂಪರಿನಲ್ಲಿ ಇಳಿಸಿಕೊಂಡ ನನ್ನದೇ ಕ್ಯಾಸೆಟ್ಟುಗಳನ್ನು ಪ್ರಯಾಣದಲ್ಲಿ ಹಾಗೇ ಆಡುತ್ತೇನೆ. ಈ ಪ್ರತಿಗಳು ಬೇಕೇ ಬೇಕು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಕೊಟ್ಟ ವರದಿ ಪ್ರಕಾರ ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ 87 ಶೇಕಡ ಆಗ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತಿರಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಅನ್ನುವ ಗೇಮ್ ಯಂತ್ರಗಳ ಆನ್‌ಲೈನ್ ಅಂಗಡಿಯನ್ನೂ ಮುಚ್ಚಿತು. ಹಳೆ ಆಟ ದುಡ್ಡು ಕೊಟ್ಟು ತಗೊಳ್ಳೋಣ ಅಂದರೂ ಎಷ್ಟೋ ಕಡೆ ದಾರಿಯಿಲ್ಲ.

ಬಾಕಿ ಉಳಿದಿರುವುದು ಡಕ್ ಹಂಟ್, ಪರದೆಯ ಬಾತುಕೋಳಿಗೆ ಗನ್ ಹಿಡಿದು ಹೊಡೆಯುವ ಆಟ. ಅದರ ಗನ್ನಿನಿಂದ ಏನೂ ಹಾರುವುದಿಲ್ಲ, ಗನ್ನೇ ಪರದೆಯನ್ನು ನೋಡುತ್ತದೆ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿಗೆ ಆ ಬೆಳಕು ಅದೇ ಕ್ಷಣದಲ್ಲಿ ಕಂಡರೆ ಪೆಟ್ಟು ಬಿತ್ತು. ಚಪ್ಪಟೆ ಟಿವಿಯಲ್ಲಿ ಬೆಳಕು ತಡವಾಗಿ ಬರುತ್ತದೆ, ಗನ್ನಿಗೆ ಕಾಣುವುದೇ ಇಲ್ಲ. ಸ್ಕೇಲರ್ ಹಾಕಿದರೂ ಉಪಯೋಗವಿಲ್ಲ, ದಪ್ಪ ಟಿವಿಯೇ ಆಗಬೇಕು. ಸದ್ಯ ಅದನ್ನೇ ಹುಡುಕುತ್ತಿದ್ದೇನೆ. ಯಾರಾದರೂ ಕೊಡುತ್ತೇನೆ ಅಂದರೆ ಮೊದಲು ಆನ್ ಮಾಡಿಸಿ, ಚಿತ್ರ ಮೂಲೆಗಳಲ್ಲಿ ಸೊಟ್ಟಗಿದೆಯಾ, ಬಣ್ಣ ಕಲೆ ಕಲೆಯಾಗಿದೆಯಾ, ಹಳದಿ ಪಿನ್ನಿನ ಜಾಗ ಇದೆಯಾ ಅಂತ ನೋಡುತ್ತೇನೆ. ಕೆಟ್ಟದ್ದನ್ನು ತಂದು ರಿಪೇರಿ ಮಾಡುವ ಯೋಚನೆ ಮಾತ್ರ ಇಲ್ಲ. ಆ ಕೊಳವೆಯೊಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದುಕೊಂಡಿರಬಹುದು. ಅದನ್ನು ಬಿಚ್ಚುವುದು ಬಲ್ಲವರಿಗೇ ಇರಲಿ.