ಹಿಟ್ಟು ಬೀಳಲಿಲ್ಲ

ಬೆಳಗಾವಿಯಲ್ಲಿ ಒಂದು ಕಾರ್ಯಕ್ರಮದಾಗ, ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದ ಹಾಡಿ ಕೆಳಗಿಳಿದೆ. ಚಪ್ಪಾಳೆ ಜೋರಾಗಿತ್ತು. ಮುಧೋಳ ಕಡೆಯಿಂದ ನನ್ನ ಜೊತೆ ಬಂದಿದ್ದ ಚಿಗವ್ವ ಮಾತ್ರ, "ಛಲೋ ಹಾಡಿದಿ. ಆದ್ರ ಹಿಟ್ಟು ಬೀಳಲಿಲ್ಲ" ಅಂದಳು.

ಆಕೆ ಹೇಳಿದ್ದು ಖರೆ. ಎರಡು ಪಂಗಡ ಹಾಡಿನಲ್ಲೇ ವಾದ ಮಾಡುವ ಗೀಗೀ ಮೇಳದಲ್ಲಿ ಹನ್ನೆರಡು ವರ್ಷ ಹಾಡಿದವಳು ನಾನು. ನಮ್ಮದು ನಾಗೇಶಿ ಪಂಗಡ. ಎದುರಿನ ಹರದೇಶಿಯವರು ಗಂಡು ಹೆಚ್ಚು ಅಂದರೆ ನಾವು ಹೆಣ್ಣು ಹೆಚ್ಚು ಅಂತ ಬೆಳಗಿನ ತನಕ ವಾದ ಹೂಡಬೇಕು. ದಪ್ಪು, ತುಂತುಣಿ, ತಾಳ ಇವುಗಳ ಮೇಲೆ ಮಾತು ದಾಟಿ ಕಡೆಯ ಸಾಲಿನವರಿಗೆ ಮುಟ್ಟಬೇಕು. ಮೊದಮೊದಲು ಗಂಟಲು ಹಿಂಡಿ ಹಾಡಿದೆ. ಎರಡನೇ ವರ್ಷದ ಜಾತ್ರೆಗಳಲ್ಲಿ ದನಿ ಪೂರಾ ಬಿತ್ತು, ಹದಿನೈದು ದಿನ ಮಾತೇ ಇಲ್ಲ. ಆಗ ಮೇಳದ ಹಿರಿಯಕ್ಕ ಹೇಳಿಕೊಟ್ಟಳು: "ತಂಗೀ, ಒದರಬ್ಯಾಡ. ಅಕ್ಷರ ಒಗಿ." ಅಕ್ಷರವನ್ನು ನಾಲಿಗೆಯಿಂದ ಬಿಗಿಯಾಗಿ ಎಸೆಯಬೇಕು, ರಾಗ ಎಳೆಯಬಾರದು. ಎಳೆಯುವುದು ಹಿಮ್ಮೇಳದ 'ಗೀಯ ಗೀಯ'ದವರ ಕೆಲಸ. ಅಷ್ಟರಲ್ಲಿ ನಾವು ಉಸಿರು ತಗೊಳ್ಳಬೇಕು. ಇವತ್ತಿಗೂ ನನ್ನ ಗಂಟಲು ಉಳಿದಿರುವುದು ಆ ಒಂದು ಮಾತಿನಿಂದ.

ಅದೇ ದನಿಯಲ್ಲಿ ಸವದತ್ತಿ ಗುಡ್ಡದಲ್ಲಿ ಒಬ್ಬ ಹಿರಿಯ ಜೋಗಮ್ಮನ ಮುಂದೆ ಹಾಡಿದ್ದೆ. ಜೋಗಮ್ಮಂದಿರು ನುಡಿಸುವ ಚೌಡಿಕೆ ವಾದ್ಯಕ್ಕೆ ಇರುವುದು ಒಂದೇ ತಂತಿ. ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಆಕೆಯ ದನಿಯೂ ಹಾಗೇ, ಎಲ್ಲೂ ನಿಲ್ಲದೆ ಜಾರುತ್ತ ಹೋಗುತ್ತಿತ್ತು. ನನ್ನದು ಕೇಳಿ, "ನೀ ವಾದ ಮಾಡಾಕತ್ತಿ. ಎಲ್ಲಮ್ಮನ ಮುಂದ ವಾದ ಯಾಕ? ಆಕೀನ ಕರಿ" ಅಂದಳು. ಆಗ ಅದು ತಲೆಗೆ ಹೋಗಿರಲಿಲ್ಲ. ಚಿಗವ್ವ ಅಂದಮೇಲೆ ನೆನಪಾಯಿತು.

ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ಅಚ್ಚು ಹಾಕಿಸಿದ 'ಗರತಿಯ ಹಾಡು' ಅನ್ನುವ ಜನಪದ ಹಾಡುಗಳ ಪುಸ್ತಕ ತೆಗೆದೆ. ಅವರು ಮಾಡಿದ ಉಪಕಾರ ದೊಡ್ಡದು, ಪದಗಳೆಲ್ಲ ಉಳಿದವು. ಉಸಿರು ಎಲ್ಲಿ ತಗೋಬೇಕು ಅನ್ನುವುದನ್ನು ಮಾತ್ರ ಅಚ್ಚು ಹಾಕಲು ಬರುವುದಿಲ್ಲ. ಕಡೆಗೆ ಆಯಿಯ ಬೀಸುಕಲ್ಲನ್ನೇ ಹಿತ್ತಲಿನಿಂದ ಒಳಗೆ ತರಿಸಿದೆ. ನಸುಕಿನಲ್ಲಿ ಚಿಗವ್ವ, ನಾನು ಎದುರುಬದುರು ಕೂತು ಒಂದು ಸೇರು ಜೋಳ ಬೀಸಿದೆವು. ಕಲ್ಲು ತಿರುಗುವಾಗ ಏರುದನಿ ಬರುವುದೇ ಇಲ್ಲ, ಬಲವೆಲ್ಲ ರಟ್ಟೆಗೆ ಹೋಗಿರುತ್ತದೆ. ತ್ರಿಪದಿಯ ಎರಡನೇ ಸಾಲನ್ನು ಮರಳಿ ಹೇಳಿ ಮೂರನ್ನು ನಾಲ್ಕು ಮಾಡುತ್ತೇವಲ್ಲ, ಆ ತಿರುವಿನಲ್ಲೇ ಉಸಿರಿಗೆ ಜಾಗ ಇತ್ತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾರ್ಮೋನಿಯಂ ಪೇಟಿಗೆ ಹಿಡಿದು ನೋಡಿದೆ: ನನ್ನ ಮೇಳದ ಶ್ರುತಿಗಿಂತ ಐದು ಮನೆ ಕೆಳಗೆ.

ಈಗ ಬೀಸುವ ಪದ ಬಂದಾಗ ಪೇಟಿ ಮುಚ್ಚಿಸುತ್ತೇನೆ, ಎಕೋ ತೆಗೆಸುತ್ತೇನೆ, ನೆಲಕ್ಕೆ ಕೂತು ಮೈಕನ್ನು ಬಾಯಿಗೆ ಹತ್ತಿರ ಇಡಿಸಿ ಬಲಗೈ ತಿರುಗಿಸುತ್ತ ಹಾಡುತ್ತೇನೆ.

ಸೋಬಾನೆ ಮಾತ್ರ ಇನ್ನೂ ಕೂಡಿಬಂದಿಲ್ಲ. ಅಲ್ಲಿ ಒಬ್ಬಳ ದನಿ ಎದ್ದು ಕೇಳಬಾರದು. ಮದುವೆ ಮನೆಗಳಲ್ಲಿ ಹಿಂದಿನ ಸಾಲಿನಲ್ಲಿ, ಮುದುಕಿಯರ ನಡುವೆ ಕೂತು ಕಲಿಯುತ್ತಿದ್ದೇನೆ.