ಗೊತ್ತಿದ್ದೂ ಮಾಡಲಾಗದ ಮಗು: ಎಡಿಎಚ್‌ಡಿ ಇರುವ ಮಕ್ಕಳೊಡನೆ ಏಗುವ ಬಗೆ

ಸಂಜೆ ಆರೂವರೆ. ಮೂರನೆಯ ತರಗತಿಯ ಹುಡುಗ ಭಾಗಾಕಾರದ ಲೆಕ್ಕಕ್ಕೆ ಕುಳಿತಿದ್ದಾನೆ. 84ನ್ನು 4ರಿಂದ ಭಾಗಿಸಬೇಕು. ನಾಲ್ಕೆರಡಲೆ ಎಂಟು ಎಂದು ಸರಿಯಾಗಿಯೇ ಹೇಳಿ, ಮೇಲೆ ಎರಡನ್ನು ಬರೆಯುತ್ತಾನೆ. ಮುಂದಿನ ಅಂಕಿಯನ್ನು ಇಳಿಸಿಕೊಳ್ಳುವ ಮೊದಲೇ ಕುಕ್ಕರ್ ಕೂಗುತ್ತದೆ, ಅದು ಎಷ್ಟನೆಯ ಕೂಗೆಂದು ಕೇಳಲು ಎದ್ದು ಹೋಗುತ್ತಾನೆ, ಹಾದಿಯಲ್ಲಿ ಚೆಂಡು ಸಿಗುತ್ತದೆ. ಹತ್ತು ನಿಮಿಷದ ಮೇಲೆ ನೋಡಿದರೆ ಪುಸ್ತಕದಲ್ಲಿರುವುದು ಆ ಎರಡು ಮಾತ್ರ. ನಾಲ್ಕರ ಮಗ್ಗಿ ಹೇಳೆಂದರೆ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಅವನು ನನ್ನ ಮಗ, ಮತ್ತು ಆ ದಿನಗಳಲ್ಲಿ ನಾನು ಅವನನ್ನು ಸೋಮಾರಿ ಎಂದೇ ತಿಳಿದಿದ್ದೆ.

ಎಡಿಎಚ್‌ಡಿ ಎಂದರೆ ಗಮನದ ಕೊರತೆ, ಅತಿಯಾದ ಚಟುವಟಿಕೆ ಮತ್ತು ಹಿಂದುಮುಂದು ನೋಡದೆ ಮುನ್ನುಗ್ಗುವ ಸ್ವಭಾವ ಸೇರಿದ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಇಂಥ ಮಗುವಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ, ಆದರೆ ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲು ಆಗುವುದಿಲ್ಲ. ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ ಮುಂದಿನ ಅರ್ಧ ದಾರಿ ತಾನೇ ಕಾಣುತ್ತದೆ. ತಿಳಿಯದವನಿಗೆ ಬುದ್ಧಿ ಹೇಳಬಹುದು, ತಿಳಿದೂ ಮಾಡಲಾಗದವನಿಗೆ ಬುದ್ಧಿಮಾತಿನಿಂದ ಪ್ರಯೋಜನವಿಲ್ಲ. ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುವ ಹೊತ್ತಿನಲ್ಲಿ ಆಸರೆ ಬೇಕು.

ಯಾರ ತಪ್ಪು ಎಂಬ ಪ್ರಶ್ನೆ ಮನೆಯಲ್ಲಿ ಮೊದಲು ಏಳುತ್ತದೆ. ಈ ತೊಂದರೆ ಬಹುಮಟ್ಟಿಗೆ ವಂಶವಾಹಿಯ ಮೂಲಕ ಬರುವಂಥದ್ದು. ಮುದ್ದು ಹೆಚ್ಚಾದ್ದರಿಂದಾಗಲಿ, ಸಕ್ಕರೆ ತಿಂದದ್ದರಿಂದಾಗಲಿ, ತಾಯಿ ಕೆಲಸಕ್ಕೆ ಹೋಗುವುದರಿಂದಾಗಲಿ ಬರುವುದಿಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಮಿದುಳಿನ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ಇತರ ಮಕ್ಕಳ ಮಿದುಳಿನ ಹೊರಪದರ ಸುಮಾರು ಏಳೂವರೆ ವರ್ಷಕ್ಕೆ ತಲುಪುವ ಗರಿಷ್ಠ ದಪ್ಪವನ್ನು ಈ ಮಕ್ಕಳ ಮಿದುಳು ತಲುಪುವುದು ಸುಮಾರು ಹತ್ತೂವರೆಗೆ ಎಂದು ಕಂಡುಬಂತು. ಆದ್ದರಿಂದ ಹತ್ತು ವರ್ಷದ ಮಗುವಿನಿಂದ ಬುದ್ಧಿಯಲ್ಲಿ ಹತ್ತು ವರ್ಷವನ್ನೂ, ತನ್ನನ್ನು ತಾನು ತಡೆದುಕೊಳ್ಳುವ ವಿಷಯದಲ್ಲಿ ಏಳು ವರ್ಷವನ್ನೂ ನಿರೀಕ್ಷಿಸಬೇಕೆಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಇದು ವೈದ್ಯಶಾಸ್ತ್ರದ ಸೂತ್ರವಲ್ಲ, ನನ್ನ ಕೋಪಕ್ಕೆ ನಾನು ಹಾಕಿಕೊಂಡ ಕಡಿವಾಣ.

ಹಾಗೆಂದು ಚೂಟಿಯಾದ ಪ್ರತಿ ಮಗುವಿಗೂ ಈ ಹೆಸರು ಹಚ್ಚಬಾರದು. ವೈದ್ಯರು ಅನುಸರಿಸುವ ಮಾನದಂಡದ ಪ್ರಕಾರ ಲಕ್ಷಣಗಳು ಹನ್ನೆರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ತೋರಬೇಕು, ಮತ್ತು ಮಗುವಿನ ದಿನಚರಿಗೆ ನಿಜವಾಗಿ ಅಡ್ಡಿಯಾಗಿರಬೇಕು. ಶಾಲೆಯಲ್ಲಿ ಮಾತ್ರ ಕಾಣುವ ಗದ್ದಲಕ್ಕೆ ಕಾರಣ ಶಾಲೆಯಲ್ಲೇ ಇರಬಹುದು. ತರಗತಿಯಲ್ಲಿ ಎಲ್ಲರಿಗಿಂತ ಕಿರಿಯ ಮಗುವಿಗೆ ಈ ಹಣೆಪಟ್ಟಿ ಬೀಳುವುದು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ವಯಸ್ಸಿಗೆ ಮೊದಲೇ ಒಂದನೆಯ ತರಗತಿಗೆ ಸೇರಿಸಿದ ಮಗುವನ್ನು ಅಳೆಯುವಾಗ ಇದು ನೆನಪಿರಲಿ. ಇದಕ್ಕೆ ತದ್ವಿರುದ್ಧವಾಗಿ, ಯಾರ ಕಣ್ಣಿಗೂ ಬೀಳದ ಮಕ್ಕಳೂ ಇದ್ದಾರೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತಿರುವ, ಪುಸ್ತಕ ಕಳೆದುಕೊಳ್ಳುವ, ಕೇಳಿದ ಪ್ರಶ್ನೆಗೆ ‘ಆಂ?’ ಎನ್ನುವ ಹುಡುಗಿಯ ಬಗ್ಗೆ ಯಾವ ಟೀಚರೂ ಡೈರಿಯಲ್ಲಿ ದೂರು ಬರೆಯುವುದಿಲ್ಲ, ಹಾಗಾಗಿ ಅವಳ ತೊಂದರೆ ಬಯಲಾಗುವಷ್ಟರಲ್ಲಿ ಪ್ರೌಢಶಾಲೆ ಮುಗಿದಿರುತ್ತದೆ.

‘ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲುಗಾಡುವುದಿಲ್ಲ, ಇವನಿಗೆ ಎಂಥ ಗಮನದ ಕೊರತೆ?’ ಎಂದು ಅಜ್ಜಿ ಕೇಳುತ್ತಾರೆ. ಕ್ಷಣಕ್ಷಣಕ್ಕೂ ಹೊಸದು ತೋರಿಸಿ ಕೂಡಲೇ ಬಹುಮಾನ ಕೊಡುವ ಆಟದ ಮುಂದೆ ಗಮನವನ್ನು ಹಿಡಿದಿಡುವುದು ಆ ಆಟವೇ. ಬೇಸರದ ಕೆಲಸದ ಮೇಲೆ ತಾನಾಗಿ ಗಮನ ಇಡಲಾಗದಿರುವುದೇ ಇಲ್ಲಿನ ತೊಂದರೆ.

ಎಡಿಎಚ್‌ಡಿಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವಿನ ಪೂರ್ವಕಥೆ, ಮನೆಯವರೂ ಟೀಚರೂ ತುಂಬಿಕೊಡುವ ಪ್ರಶ್ನಾವಳಿ ಮತ್ತು ಮಗುವಿನೊಡನೆ ಮಾತುಕತೆಯ ಆಧಾರದ ಮೇಲೆ ಮಕ್ಕಳ ಮನೋವೈದ್ಯರು ಅಥವಾ ಈ ವಿಷಯದಲ್ಲಿ ಪಳಗಿದ ಮಕ್ಕಳ ತಜ್ಞರು ನಿರ್ಧರಿಸುತ್ತಾರೆ. ಅದಕ್ಕೂ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಆಗಬೇಕು. ಥೈರಾಯ್ಡ್, ರಕ್ತಹೀನತೆ, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿ ಗೊರಕೆಯಿಂದ ನಿದ್ದೆಗೆಡುವುದು, ಕೆಲವೇ ಸೆಕೆಂಡು ಮಗು ಎಲ್ಲೋ ಕಳೆದುಹೋದಂತೆ ಕಾಣುವ ಮೂರ್ಛೆರೋಗ, ಮನೆಯೊಳಗಿನ ಭಯ, ಇವೆಲ್ಲ ಗಮನದ ಕೊರತೆಯ ವೇಷದಲ್ಲಿ ಬರಬಲ್ಲವು. ಹೋಗುವಾಗ ಹಳೆಯ ನೋಟ್‌ಪುಸ್ತಕ, ಅಂಕಪಟ್ಟಿ ಮತ್ತು ಶಾಲೆಯ ಡೈರಿ ಕೈಯಲ್ಲಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆಂದೇ ವಿಭಾಗವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಇನ್ನು ಮನೆಯ ಕೆಲಸ. ನಮ್ಮಲ್ಲಿ ಬೆಳಗಿನ ಹೊತ್ತು ‘ಬೇಗ ರೆಡಿಯಾಗು’ ಎಂಬ ಮಾತು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿತ್ತು. ಆ ಒಂದು ಮಾತಿನೊಳಗೆ ಹಲ್ಲುಜ್ಜು, ಸ್ನಾನ ಮಾಡು, ಯೂನಿಫಾರಂ ಹಾಕು, ಬ್ಯಾಗಿಗೆ ಪುಸ್ತಕ ತುಂಬು ಎಂಬ ನಾಲ್ಕು ಅಪ್ಪಣೆಗಳಿದ್ದವು, ಅವನ ನೆನಪಿನಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. ಕೊನೆಗೆ ಬಚ್ಚಲಮನೆಯ ಬಾಗಿಲಿಗೊಂದು, ಚಪ್ಪಲಿ ಬಿಡುವ ಜಾಗದ ಗೋಡೆಗೊಂದು ರಟ್ಟು ಅಂಟಿಸಿ, ಅಲ್ಲಲ್ಲಿ ಆಗಬೇಕಾದ್ದನ್ನು ಅಲ್ಲಲ್ಲೇ ಚಿತ್ರ ಬರೆದು ತೋರಿಸಿದೆವು: ಡಬ್ಬಿ, ನೀರಿನ ಬಾಟಲಿ, ಡೈರಿ, ಐಡಿ ಕಾರ್ಡ್. ನನ್ನ ಬಾಯಿ ಮಾಡುತ್ತಿದ್ದ ಕೆಲಸವನ್ನು ಗೋಡೆ ವಹಿಸಿಕೊಂಡಿತು.

ಹೇಳುವಾಗ ಅಡುಗೆಮನೆಯಿಂದ ಕೂಗಬಾರದು. ಹತ್ತಿರ ಹೋಗಿ, ಹೆಗಲು ಮುಟ್ಟಿ, ಒಂದು ಸಲಕ್ಕೆ ಒಂದೇ ಮಾತನ್ನು ಚಿಕ್ಕದಾಗಿ ಹೇಳಬೇಕು. ಹೋಂವರ್ಕನ್ನು ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಒಡೆದು, ನಡುವೆ ಎದ್ದು ಓಡಾಡಲು ಬಿಟ್ಟು, ಸಮಯ ಕಣ್ಣಿಗೆ ಕಾಣುವಂತೆ ಗಡಿಯಾರವನ್ನೋ ಟೈಮರನ್ನೋ ಮುಂದಿಡಬೇಕು. ಪುಟದಲ್ಲಿ ಹತ್ತು ಲೆಕ್ಕಗಳಿದ್ದರೆ ಏಳನ್ನು ಕಾಗದದಿಂದ ಮುಚ್ಚಿ ಮೂರನ್ನೇ ತೋರಿಸುವುದು ಬಹಳ ಕೆಲಸ ಮಾಡುತ್ತದೆ. ಮೆಚ್ಚುಗೆ ಆ ಕ್ಷಣದಲ್ಲೇ, ಮಾಡಿದ ಕೆಲಸದ ಹೆಸರು ಹಿಡಿದೇ ಬರಬೇಕು: ‘ಜಾಣ’ ಎನ್ನುವುದಕ್ಕಿಂತ ‘ಕರೆದ ಕೂಡಲೇ ಬಂದೆಯಲ್ಲ, ಒಳ್ಳೆಯದಾಯಿತು’ ಎಂಬ ಮಾತು ಮೇಲು. ವಾರ್ಷಿಕ ಪರೀಕ್ಷೆಯಲ್ಲಿ ತೊಂಬತ್ತು ತೆಗೆದರೆ ಸೈಕಲ್ ಕೊಡಿಸುತ್ತೇನೆಂಬ ಆಮಿಷ ಈ ಮಕ್ಕಳಿಗೆ ತಾಗುವುದೇ ಇಲ್ಲ, ಮಾರ್ಚ್ ತಿಂಗಳು ಅವರ ಪಾಲಿಗೆ ಇನ್ನೊಂದು ಲೋಕ. ಇಂದಿನ ಮೂರು ಕೆಲಸಕ್ಕೆ ಮೂರು ಚುಕ್ಕೆ, ಸಂಜೆಯೇ ಅದಕ್ಕೆ ಬದಲಾಗಿ ಅರ್ಧ ಗಂಟೆ ಬ್ಯಾಡ್ಮಿಂಟನ್ ಎಂದರೆ ತಾಗುತ್ತದೆ. ಎರಡು ಮೂರು ವಾರಕ್ಕೆ ಚುಕ್ಕೆಯ ರುಚಿ ಕೆಡುತ್ತದೆ, ಆಗ ಬಹುಮಾನ ಬದಲಿಸಬೇಕು. ಒಮ್ಮೆ ಗಳಿಸಿದ ಚುಕ್ಕೆಯನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳಬಾರದು. ಹೊಡೆತದಿಂದ ಆ ಹೊತ್ತಿಗೆ ಮೌನ ಸಿಗಬಹುದು, ಮಾರನೆಯ ಬೆಳಿಗ್ಗೆ ಡಬ್ಬಿ ಮತ್ತೆ ಮನೆಯಲ್ಲೇ ಉಳಿಯುತ್ತದೆ.

ಶಾಲೆಯಲ್ಲಿ ಕೇಳಬೇಕಾದದ್ದು ಬಹಳವಿಲ್ಲ: ಕಿಟಕಿ ಬಾಗಿಲುಗಳಿಂದ ದೂರವಾಗಿ ಮುಂದಿನ ಬೆಂಚು, ಬೋರ್ಡು ಒರೆಸುವ ಅಥವಾ ಪುಸ್ತಕ ಹಂಚುವ ಕೆಲಸ, ದಿನದ ಕೊನೆಗೆ ಎರಡೇ ಗುರಿಗಳ ಬಗ್ಗೆ ಆಯಿತು ಅಥವಾ ಆಗಲಿಲ್ಲ ಎಂದು ಡೈರಿಯಲ್ಲೊಂದು ಗುರುತು. ಐವತ್ತು ಮಕ್ಕಳ ತರಗತಿಯಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವೂ ಅಲ್ಲ. ಓದು ಬರಹದಲ್ಲೇ ಎಡವುವ ಮಗುವಿಗೆ ಕಲಿಕಾ ನ್ಯೂನತೆಯೂ ಜೊತೆಗಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಸ್ಎಸ್ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕಾಗುವುದರಿಂದ ಕಲಿಕಾ ನ್ಯೂನತೆಯ ತಪಾಸಣೆಯನ್ನು ಒಂಬತ್ತನೆಯ ತರಗತಿಗೆ ಮೊದಲೇ ಮಾಡಿಸುವುದು ಲೇಸು.

ಔಷಧದ ಮಾತು ಬಂದಾಗ ನಾನೂ ಹೆದರಿದ್ದೆ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ತಂದೆತಾಯಿಗೆ ಕೊಡುವ ತರಬೇತಿಯೇ ಮೊದಲ ಚಿಕಿತ್ಸೆ. ಅದಕ್ಕಿಂತ ದೊಡ್ಡವರಲ್ಲಿ ತೊಂದರೆ ತೀವ್ರವಾಗಿದ್ದರೆ ಹೆಚ್ಚಾಗಿ ಕೊಡುವುದು ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧ. ಮೊದಲೇ ಕುಣಿಯುವ ಮಗುವಿಗೆ ಉತ್ತೇಜಕವೇ ಎಂದು ಅಚ್ಚರಿಯಾಗಬಹುದು, ಆದರೆ ಅದು ಚುರುಕುಗೊಳಿಸುವುದು ಮಿದುಳಿನ ತಡೆಹಿಡಿಯುವ ಭಾಗವನ್ನು. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ, ನಿಧಾನವಾಗಿ ಕರಗುವ ಬಗೆಯದ್ದು ಎಂಟರಿಂದ ಹನ್ನೆರಡು ಗಂಟೆ. ಹಸಿವು ತಗ್ಗಬಹುದು, ನಿದ್ದೆ ತಡವಾಗಬಹುದು. ಆದ್ದರಿಂದ ಬೆಳಗಿನ ತಿಂಡಿ ಗಟ್ಟಿಯಾಗಿರಲಿ, ಎತ್ತರ, ತೂಕ, ನಾಡಿ ಮತ್ತು ರಕ್ತದೊತ್ತಡವನ್ನು ಪ್ರತಿ ಭೇಟಿಯಲ್ಲೂ ನೋಡಿಸಬೇಕು. ಕುಟುಂಬದಲ್ಲಿ ಹೃದ್ರೋಗವಿದ್ದರೆ ಮೊದಲೇ ಹೇಳಬೇಕು. ಈ ಔಷಧ ಕಾನೂನಿನ ಹತೋಟಿಯಲ್ಲಿರುವುದರಿಂದ ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದಿಲ್ಲ. ಮುಗಿಯುವ ವಾರಕ್ಕೆ ಮೊದಲೇ ಚೀಟಿ ಹಿಡಿದು ಹೊರಡಬೇಕು. ಇನ್ನೊಂದು ಔಷಧ ಅಟೊಮಾಕ್ಸೆಟಿನ್ ಉತ್ತೇಜಕವಲ್ಲ, ಅದರ ಗುಣ ಕಾಣಲು ಕೆಲವು ವಾರ ಕಾಯಬೇಕು. ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಮೂಲ ಲಕ್ಷಣಗಳ ಮೇಲೆ ಔಷಧದ ಪರಿಣಾಮ ವರ್ತನಾ ತರಬೇತಿಗಿಂತ ಹೆಚ್ಚಾಗಿತ್ತು. ಎರಡನ್ನೂ ಕೂಡಿಸಿದಾಗ ಕಡಿಮೆ ಪ್ರಮಾಣದ ಔಷಧ ಸಾಕಾಗುತ್ತಿತ್ತು.

ಹದಿಹರೆಯಕ್ಕೆ ಬರುವ ಹೊತ್ತಿಗೆ ಓಡಾಟ ಇಳಿಯುತ್ತದೆ, ಚಡಪಡಿಕೆ ಒಳಗೆ ಸೇರುತ್ತದೆ. ಆಗ ಗೋಡೆಯ ಚಿತ್ರವನ್ನು ಅವರು ಸಹಿಸುವುದಿಲ್ಲ, ಚುಕ್ಕೆಗೆ ನಗುತ್ತಾರೆ. ನಿಯಮಗಳನ್ನು ಅವರೊಡನೆ ಕುಳಿತೇ ಬರೆಯಬೇಕು: ರಾತ್ರಿ ಹತ್ತಕ್ಕೆ ಫೋನು ಹಾಲ್‌ನಲ್ಲಿ ಚಾರ್ಜ್‌ಗೆ, ಅಪ್ಪನದೂ ಅಲ್ಲಿಗೇ. ಲೈಸೆನ್ಸ್ ಇಲ್ಲದೆ ಸ್ಕೂಟರ್ ಕೀ ಇಲ್ಲ ಎಂಬುದರಲ್ಲಿ ಮಾತ್ರ ಚೌಕಾಸಿ ಬೇಡ, ಮುನ್ನುಗ್ಗುವ ಸ್ವಭಾವಕ್ಕೆ ರಸ್ತೆಯಲ್ಲಿ ಅಪಾಯ ಹೆಚ್ಚು. ಮಾತ್ರೆ ಬೇಡವೆಂದು ಹಠ ಹಿಡಿದರೆ ಆ ಮಾತನ್ನು ವೈದ್ಯರ ಮುಂದೆ ಅವರೇ ಆಡಲಿ.

ನನ್ನ ಮಗ ಈಗ ಪಿಯುಸಿಯಲ್ಲಿದ್ದಾನೆ. ಹೋದ ತಿಂಗಳು ಮೊದಲ ಸಲ ವೈದ್ಯರ ಕೋಣೆಗೆ ಒಬ್ಬನೇ ಹೋದ, ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಎರಡೇ ನಿಮಿಷಕ್ಕೆ ಹೊರಬಂದವನು ಏನೋ ಮರೆತವನಂತೆ ಜೇಬು ತಡಕಿ, ಮಡಚಿದ ಚೀಟಿಯೊಂದನ್ನು ತೆಗೆದು, ಅದರಲ್ಲಿ ಬರೆದುಕೊಂಡಿದ್ದ ನಾಲ್ಕನೆಯ ಪ್ರಶ್ನೆಯನ್ನು ಕೇಳಲು ಮತ್ತೆ ಒಳಗೆ ಹೋದ.